ಬೋಲ್ಟು ಬಿಗಿದ ಸಂಧಿಯಲ್ಲಿ ಭಾರದ ವಿನಿಯೋಗ

ಹನ್ನೆರಡು ಮಿಲಿಮೀಟರು ವ್ಯಾಸದ, 8.8 ದರ್ಜೆಯ ಸಾಮಾನ್ಯವಾದೊಂದು ಉಕ್ಕಿನ ಬೋಲ್ಟನ್ನು ಕ್ರಮವರಿತು ಬಿಗಿದಾಗ, ಯಂತ್ರವಿನ್ನೂ ತಿರುಗತೊಡಗದೆ, ಅದರ ಮೇಲೆ ಹೊರಗಿನ ಯಾವ ಹೊರೆಯೂ ಬೀಳದೆ ಇರುವಾಗಲೇ, ಆ ಬೋಲ್ಟಿನ ಒಡಲಿನಲ್ಲಿ ಸುಮಾರು 37,000 ನ್ಯೂಟನ್ನುಗಳಷ್ಟು, ಎಂದರೆ ಮೂರೂಮುಕ್ಕಾಲು ಟನ್ನು ತೂಕಕ್ಕೆ ಸಮನಾದ ಕರ್ಷಣವು ನೆಲೆಗೊಂಡಿರುತ್ತದೆ. ಯಂತ್ರದ ಆಯುಷ್ಯದುದ್ದಕ್ಕೂ ಆ ಬೋಲ್ಟು ಹೊರಬೇಕಾದ ಭಾರಗಳಲ್ಲಿ ಬಹುಮಟ್ಟಿಗೆ ಇದೇ ಹಿರಿದಾದುದು. ಆದರೆ ಅದೇ ಸಂಧಿಯ ಬಲಾಬಲವನ್ನು ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯ ಮೂಲಕ ಪರಿಶೀಲಿಸಲು ಗಣಕದ ಮುಂದೆ ಕುಳಿತವರು ಮೊತ್ತಮೊದಲು ವಿಚಾರಿಸುವುದು ಹೊರಗಿನ ಹೊರೆ ಎಷ್ಟು, ಅದನ್ನು ಯಾವ ರಂಧ್ರದ ಮೇಲೆ ಇಡಬೇಕು ಎಂಬುದನ್ನೇ. ಬಿಗಿತದ ವಿಚಾರವು ಅನೇಕ ವೇಳೆ ಕಡೆಯಲ್ಲಿ ಬರುತ್ತದೆ, ಕೆಲವು ವೇಳೆ ಬರುವುದೇ ಇಲ್ಲ. ಬೋಲ್ಟು ಬಿಗಿದ ಭಾಗಗಳ ಮೇಲೆ ಭಾರವನ್ನು ಸರಿಯಾಗಿ ಇಡುವುದೆಂದರೇನು ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಸಮಗ್ರವಾಗಿ ನೋಡುವ ಉದ್ದೇಶವಿದೆ. ಬಿಗಿತವೇ ಮೊದಲನೆಯ ಭಾರ, ಉಳಿದುದೆಲ್ಲ ಅದರ ಮೇಲೆ ಬಂದು ಕೂಡುವುದು ಎಂಬುದು ಈ ವಿಚಾರದಲ್ಲಿ ನನ್ನ ದೃಢವಾದ ಅಭಿಪ್ರಾಯ.

ಸಂಧಿಯು ಕೆಲಸಮಾಡುವ ರೀತಿಯನ್ನು ಮೊದಲು ನೋಡೋಣ. ನಟ್ಟನ್ನು ತಿರುಗಿಸಿದಂತೆಲ್ಲ ಬೋಲ್ಟು ಹಿಗ್ಗುತ್ತದೆ, ಅದು ಹಿಡಿದಿರುವ ಫಲಕಗಳು ಕುಗ್ಗುತ್ತವೆ. ಹಿಡಿತದ ಉದ್ದವು 40 ಮಿಲಿಮೀಟರು ಎಂದಿಟ್ಟುಕೊಂಡರೆ, ಮೇಲೆ ಹೇಳಿದ ಬಿಗಿತಕ್ಕೆ ಬೋಲ್ಟು ಹಿಗ್ಗುವುದು ಸುಮಾರು 0.085 ಮಿಲಿಮೀಟರು ಮಾತ್ರ. ಫಲಕಗಳು ಬೋಲ್ಟಿಗಿಂತ ನಾಲ್ಕು ಪಟ್ಟು ದೃಢವಾಗಿದ್ದರೆ ಅವು ಕುಗ್ಗುವುದು ಅದರ ಕಾಲುಭಾಗ. ಇಂತಹ ಸಂಧಿಯನ್ನು ಹೊರಗಿನಿಂದ 20,000 ನ್ಯೂಟನ್ನುಗಳ ಬಲದಿಂದ ಎಳೆದರೆ ಬೋಲ್ಟಿಗೆ ಆ ಇಪ್ಪತ್ತು ಸಾವಿರವೂ ತಗಲುವುದೆಂದು ಭಾವಿಸುವುದು ಸಹಜ. ಆದರೆ ವಸ್ತುಸ್ಥಿತಿ ಬೇರೆ. ಎಳೆತವು ಬೋಲ್ಟನ್ನು ಇನ್ನಷ್ಟು ಹಿಗ್ಗಿಸಬೇಕಾದರೆ ಅದರೊಡನೆಯೇ ಫಲಕಗಳ ಸಂಪೀಡನವನ್ನೂ ಅಷ್ಟೇ ಪ್ರಮಾಣದಲ್ಲಿ ಸಡಿಲಿಸಬೇಕಾಗುತ್ತದೆಯಾದ ಕಾರಣ, ಹೊರಗಿನ ಹೊರೆಯು ಎರಡರ ದಾರ್ಢ್ಯಕ್ಕೆ ಅನುಗುಣವಾಗಿ ಹಂಚಿಹೋಗುತ್ತದೆ: ಐದರಲ್ಲಿ ಒಂದು ಪಾಲಾದ 4,000 ನ್ಯೂಟನ್ನುಗಳು ಬೋಲ್ಟಿಗೆ ಸೇರುತ್ತವೆ, ಉಳಿದ 16,000 ಫಲಕಗಳ ನಡುವಣ ಒತ್ತಡವನ್ನು ತಗ್ಗಿಸುವುದರಲ್ಲಿ ವ್ಯಯವಾಗುತ್ತವೆ. ಬೋಲ್ಟಿನಲ್ಲಿ ಈಗ ಇರುವುದು ಸುಮಾರು 41,000. ಫಲಕಗಳ ನಡುವೆ ಉಳಿದಿರುವುದು ಸುಮಾರು 21,000.

ಈ ಹಂಚಿಕೆಯು ಕೇವಲ ಗಣಿತದ ಸೂಕ್ಷ್ಮವೆಂದು ತಿಳಿಯಬಾರದು. ಬೋಲ್ಟಿನ ಜೀವವೇ ಇದರ ಮೇಲೆ ನಿಂತಿದೆ. ಆ ಹೊರೆಯು ಸೊನ್ನೆಯಿಂದ 20,000ದ ವರೆಗೆ ಮತ್ತೆ ಮತ್ತೆ ಏರಿ ಇಳಿಯುವುದಾದರೆ, ಬಿಗಿದಿರುವ ಬೋಲ್ಟಿನ ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿನಲ್ಲಿ ಪೀಡನವು ತನ್ನ ಸರಾಸರಿಯಿಂದ ಮೇಲಕ್ಕೂ ಕೆಳಕ್ಕೂ ತೂಗಾಡುವುದು 24 ನ್ಯೂಟನ್ನುಗಳಷ್ಟು. ಬಿಗಿಯದೆ ಬಿಟ್ಟ ಬೋಲ್ಟಿನಲ್ಲಾದರೆ ಅದು 119. ಇಂತಹ ಬೋಲ್ಟಿನ ಥ್ರೆಡ್ಡುಗಳು ಲೋಹದ ದಣಿವಿಗೆ ಸಿಕ್ಕದೆ ಅನಂತಕಾಲ ಸಹಿಸಬಲ್ಲ ಮಿತಿಯು ಸುಮಾರು 50 ಎಂದು ಜರ್ಮನಿಯ ಇಂಜಿನಿಯರುಗಳ ಸಂಘದ ಸೂತ್ರದಿಂದ ತಿಳಿದುಬರುತ್ತದೆ. ಒಂದೇ ಬೋಲ್ಟು, ಒಂದೇ ಹೊರೆ. ಬಿಗಿತವನ್ನು ಲೆಕ್ಕಕ್ಕೆ ತೆಗೆದುಕೊಂಡವನಿಗೆ ಅದು ಸುರಕ್ಷಿತ, ಮರೆತವನಿಗೆ ಅದು ಮುರಿಯಲಿರುವ ಬೋಲ್ಟು. ಇದರ ವಿಪರ್ಯಾಸವೂ ಉಂಟು: ಎರಡು ಫಲಕಗಳನ್ನು ಗಣಕದಲ್ಲಿ ಒಂದಕ್ಕೊಂದು ಅಂಟಿಸಿಬಿಟ್ಟವನಿಗೆ ಹೊರೆಯೆಲ್ಲ ಫಲಕಗಳ ಮೂಲಕವೇ ಹರಿದುಹೋಗಿ, ಬೋಲ್ಟಿಗೆ ಏನೂ ಆಗುವುದಿಲ್ಲವೆಂಬ ಸುಳ್ಳು ನೆಮ್ಮದಿ ದೊರೆಯುತ್ತದೆ.

ಬಿಗಿತವೇ ಸಂಧಿಯ ಪ್ರಾಣವೆಂಬ ಅರಿವು ಒಮ್ಮೆಗೇ ಬಂದುದಲ್ಲ. ಸೇತುವೆಗಳನ್ನೂ ಹಡಗುಗಳನ್ನೂ ರಿವೆಟ್ಟುಗಳಿಂದ ಜೋಡಿಸುತ್ತಿದ್ದ ಕಾಲದಲ್ಲಿ, ಕಾಯ್ದು ಕೆಂಪಾದ ರಿವೆಟ್ಟು ತಣಿಯುವಾಗ ಕುಗ್ಗಿ ಫಲಕಗಳನ್ನು ಅದುಮಿ ಹಿಡಿಯುತ್ತಿತ್ತಾದರೂ, ಆ ಅದುಮುವಿಕೆಯ ಪ್ರಮಾಣವನ್ನು ಯಾರೂ ನಂಬಿ ಲೆಕ್ಕಹಾಕುವಂತಿರಲಿಲ್ಲ. 1927ರಲ್ಲಿ ಜರ್ಮನಿಯ ರೋಚರ್ ಎಂಬಾತನು ಬೋಲ್ಟಿನ ತಲೆಯ ಕೆಳಗೆ ಒತ್ತಡವು ಶಂಕುವಿನ ಆಕಾರದಲ್ಲಿ ಹರಡುತ್ತದೆಂದು ಪರಿಭಾವಿಸಿ, ಫಲಕಗಳ ದಾರ್ಢ್ಯವನ್ನು ಕೈಲೆಕ್ಕದಿಂದಲೇ ತಿಳಿಯುವ ಮಾರ್ಗವನ್ನು ತೋರಿದನು. 1934ರಲ್ಲಿ ಇಂಗ್ಲೆಂಡಿನ ಬಾಥೋ ಮತ್ತು ಬೇಟ್‌ಮನ್ ಎಂಬವರು, ಗಟ್ಟಿ ಉಕ್ಕಿನ ಬೋಲ್ಟುಗಳನ್ನು ಸಾಕಷ್ಟು ಬಿಗಿದರೆ ಫಲಕಗಳು ಜಾರದಂತೆ ಘರ್ಷಣೆಯಿಂದಲೇ ಹಿಡಿದಿಡಬಹುದೆಂದು ತೋರಿಸಿದರು. ಅಮೆರಿಕದಲ್ಲಿ 1947ರಲ್ಲಿ ಸ್ಥಾಪಿತವಾದ ಸಂಶೋಧನಾ ಮಂಡಲಿಯು ಇದನ್ನು ಕೈಗೆತ್ತಿಕೊಂಡು 1951ರಲ್ಲಿ ಮೊದಲ ನಿಯಮಾವಳಿಯನ್ನು ಹೊರತಂದಮೇಲೆ ಕಟ್ಟಡಗಳಲ್ಲಿ ರಿವೆಟ್ಟಿನ ಕಾಲ ಕ್ರಮೇಣ ಮುಗಿಯಿತು. ಮೇಲೆ ಹೇಳಿದ ಜರ್ಮನಿಯ ಇಂಜಿನಿಯರುಗಳ ಸಂಘವು 1977ರಲ್ಲಿ ಪ್ರಕಟಿಸಿದ ವಿಡಿಐ 2230 ಎಂಬ ಮಾರ್ಗಸೂಚಿಯು ಬೋಲ್ಟಿನ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಕ್ರಮಬದ್ಧಗೊಳಿಸಿತು. ಅದರ ಎರಡನೆಯ ಭಾಗ 2014ರಲ್ಲಿ ಬಂದು, ಅನೇಕ ಬೋಲ್ಟುಗಳ ಸಂಧಿಯನ್ನು ಗಣಕದ ಮಾದರಿಯಲ್ಲಿ ನಿರೂಪಿಸುವ ಬಗೆಯನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು.

ಇತ್ತ ಫೈನೈಟ್ ಎಲಿಮೆಂಟ್ ವಿಧಾನವು ಬೇರೊಂದು ದಾರಿಯಿಂದ ಬೆಳೆದು ಬಂದಿತು. ಗಣಿತಜ್ಞ ಕೂರಾಂಟನು 1943ರಲ್ಲಿ ಅದರ ಬೀಜವನ್ನು ಬಿತ್ತಿದ್ದನು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ವಿಮಾನದ ರಚನೆಗಳ ದಾರ್ಢ್ಯವನ್ನು ಕುರಿತು ಬರೆದ ಪ್ರಬಂಧದಿಂದ ಅದು ಇಂಜಿನಿಯರುಗಳ ಕೈಗೆ ಬಂದಿತು. ಹೆಸರು ಕೊಟ್ಟವನು 1960ರಲ್ಲಿ ಕ್ಲಫ್. ಕಾಯವನ್ನು ಸಣ್ಣ ಸಣ್ಣ ಘಟಕಗಳಾಗಿ ವಿಭಜಿಸಿ, ಅವು ಕೂಡುವ ನೋಡುಗಳ ಚಲನೆಯನ್ನು ಸಮೀಕರಣಗಳಿಂದ ಕಂಡುಹಿಡಿಯುವ ಈ ವಿಧಾನದ ಶಕ್ತಿ ಅಪಾರವಾದುದು. ಆದರೆ ಅದರ ಮೂಲರೂಪದಲ್ಲಿ ಕಾಯವು ಅಖಂಡವಾದುದೆಂಬ ಭಾವನೆಯಿದೆ. ಬೋಲ್ಟಿನ ಸಂಧಿಯಾದರೋ ಖಂಡಗಳ ಒಂದು ಕೂಟ. ತಟ್ಟಿದರೆ ಒತ್ತುವ, ಎಳೆದರೆ ಬಿಟ್ಟುಹೋಗುವ, ಓರೆಯಾಗಿ ತಳ್ಳಿದರೆ ಒಂದು ಮಿತಿಯವರೆಗೆ ಹಿಡಿದು ಅನಂತರ ಜಾರುವ ಸ್ಪರ್ಶತಲಗಳೇ ಅದರ ಲಕ್ಷಣ. ಹರ್ಟ್ಸ್ ಎಂಬ ಭೌತವಿಜ್ಞಾನಿಯು 1882ರಲ್ಲಿಯೇ ದುಂಡನೆಯ ಕಾಯಗಳ ಸ್ಪರ್ಶವನ್ನು ಗಣಿತದಿಂದ ಬಿಡಿಸಿದ್ದನಾದರೂ, ಫೈನೈಟ್ ಎಲಿಮೆಂಟಿನಲ್ಲಿ ಸ್ಪರ್ಶವನ್ನು ಪರಿಗಣಿಸುವ ಪ್ರಯತ್ನಗಳು ಆರಂಭವಾದುದು 1970ರ ಸುಮಾರಿಗೆ. ಇಂದಿನ ತಂತ್ರಾಂಶಗಳಲ್ಲಿ ಅದು ಕೈಗೆಟಕುವಂತಿದೆ. ಆದರೂ ಲೆಕ್ಕವು ಬಹುಕಾಲ ಹಿಡಿಯುವುದೆಂಬ ಕಾರಣದಿಂದ, ಅವಸರದ ಕಚೇರಿಗಳಲ್ಲಿ ಸ್ಪರ್ಶವನ್ನು ತೆಗೆದುಹಾಕಿ ಸುಲಭದ ದಾರಿಯನ್ನು ಹಿಡಿಯುವುದು ಇಂದಿಗೂ ತಪ್ಪಿಲ್ಲ.

ಆ ಸುಲಭದ ದಾರಿಗಳಲ್ಲಿ ಅತ್ಯಂತ ಹಳೆಯದು, ಇಡೀ ಬೋಲ್ಟಿನ ಬಲವನ್ನು ರಂಧ್ರದ ಅಂಚಿನ ಒಂದು ನೋಡಿನ ಮೇಲೆ ಇಟ್ಟುಬಿಡುವುದು. ಬಿಂದುವೊಂದರ ಮೇಲೆ ಬಲವನ್ನಿಟ್ಟರೆ ಅದರ ಬಳಿಯ ಪೀಡನವು ದೂರದ ವರ್ಗಕ್ಕೆ ವಿಲೋಮವಾಗಿ ಏರುತ್ತ ಕಡೆಗೆ ಅನಂತವಾಗುತ್ತದೆಂದು ಬೂಸಿನೆಸ್ಕನು 1885ರಲ್ಲಿ ತೋರಿಸಿರುವ ಮೇಲೆ, ಆ ನೋಡಿನ ಸುತ್ತ ಘಟಕಗಳ ಜಾಲವನ್ನು ಸೂಕ್ಷ್ಮಗೊಳಿಸಿದಂತೆಲ್ಲ ಪೀಡನದ ಅಂಕಿ ಹೆಚ್ಚುತ್ತಲೇ ಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಭಾರವನ್ನಿಟ್ಟ ಬಗೆಯು ದೂರದ ಭಾಗಗಳಲ್ಲಿ ಮುಖ್ಯವಾಗದು ಎಂಬ ಸೇಂಟ್-ವೆನಾಂತನ ತತ್ತ್ವವನ್ನು ಇಂತಹ ಸಂದರ್ಭದಲ್ಲಿ ಆಧಾರವಾಗಿ ಹೇಳುವವರುಂಟು. ಆ ತತ್ತ್ವವು ನಿಜವೇ, ಆದರೆ ಬೋಲ್ಟಿನ ರಂಧ್ರದ ನೆರೆಯೇ ನಮಗೆ ಬೇಕಾದ ಸ್ಥಳವಾಗಿರುವಾಗ, ದೂರದ ಭಾಗಗಳಿಗೆ ಸಲ್ಲುವ ಸಮಾಧಾನವು ಹತ್ತಿರದ ಭಾಗಕ್ಕೆ ಸಲ್ಲದು.

ಎರಡನೆಯದು, ರಂಧ್ರದ ಒಳಮೈಯನ್ನು ಸಂಪೂರ್ಣವಾಗಿ ಕದಲದಂತೆ ಕಟ್ಟಿಹಾಕುವುದು. ನಿಜವಾದ ಬೋಲ್ಟು ರಂಧ್ರದ ಗೋಡೆಯನ್ನು ಮುಟ್ಟದೆಯೇ ಇರಬಹುದು. ಮುಟ್ಟಿದರೂ ಒಂದು ಕಡೆ ಮಾತ್ರ ಒತ್ತಬಲ್ಲುದೇ ಹೊರತು ಇನ್ನೊಂದು ಕಡೆಯಿಂದ ಎಳೆಯಲಾರದು. ಗೋಡೆಯನ್ನೆಲ್ಲ ಬಂಧಿಸಿದ ಮಾದರಿಯಲ್ಲಿ ರಂಧ್ರವು ಅಂಡಾಕಾರವಾಗಲು ಅವಕಾಶವೇ ಇಲ್ಲದ್ದರಿಂದ ಭಾಗವು ಇರುವುದಕ್ಕಿಂತ ಗಡುಸಾಗಿ ತೋರುತ್ತದೆ, ಬಂಧನದ ಅಂಚಿನಲ್ಲಿ ಇಲ್ಲದ ಪೀಡನವು ಮೂಡುತ್ತದೆ. ಇದೇ ದೋಷವು, ಕಚೇರಿಗಳಲ್ಲಿ ಸ್ಪೈಡರ್ ಎಂದು ಕರೆಯುವ ಗಡುಸಾದ ಬಂಧಗಳಿಂದ ರಂಧ್ರದ ಅಂಚನ್ನು ಕೇಂದ್ರದ ಒಂದು ನೋಡಿಗೆ ಬಿಗಿದಾಗಲೂ ತಲೆದೋರುತ್ತದೆ. ನಾಸ್ಟ್ರಾನ್ ತಂತ್ರಾಂಶವನ್ನು ಬಳಸುವವರು ಈ ಗಡುಸು ಬಂಧವನ್ನು ಆರ್‌ಬಿಇ2 ಎಂದೂ, ದಾರ್ಢ್ಯವನ್ನು ಸೇರಿಸದೆ ಬಲವನ್ನು ಮಾತ್ರ ಹಂಚುವ ಬಂಧವನ್ನು ಆರ್‌ಬಿಇ3 ಎಂದೂ ಬಲ್ಲರು. ವಾಷರಿನ ಅಡಿಯ ಉಂಗುರದಂತಹ ಪ್ರದೇಶವನ್ನು ಬೇರೆಯಾಗಿ ಗುರುತಿಸಿಕೊಂಡು, ಆ ಪ್ರದೇಶಕ್ಕೆ ಮಾತ್ರ ಬಂಧವನ್ನು ಸೇರಿಸುವುದು, ಗೋಡೆಯನ್ನು ಮುಟ್ಟದಿರುವುದು, ಇಷ್ಟರಿಂದಲೇ ಅರ್ಧದಷ್ಟು ತಪ್ಪುಗಳು ನಿವಾರಣೆಯಾಗುತ್ತವೆ ಎಂದು ನನಗೆ ತೋರುತ್ತದೆ.

ಅಡ್ಡಬಲವನ್ನು ರಂಧ್ರದ ಗೋಡೆಯು ನಿಜವಾಗಿಯೂ ಹೊರುವ ಪಿನ್ನಿನಂತಹ ಸಂಧಿಗಳಲ್ಲಿ, ಬಲವನ್ನು ಅರ್ಧವೃತ್ತದ ಮೇಲೆ ಕೊಸೈನಿನ ಅನುಪಾತದಲ್ಲಿ ಹರಡುವ ಪದ್ಧತಿಯಿದೆ. ನಡುವಿನಲ್ಲಿ ಒತ್ತಡ ಗರಿಷ್ಠ, ಎರಡು ಪಕ್ಕಗಳಲ್ಲಿ ಸೊನ್ನೆ. ಗರಿಷ್ಠವು ಬಲವನ್ನು ವ್ಯಾಸ ಮತ್ತು ದಪ್ಪಗಳ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸರಾಸರಿಯ 1.27 ಪಟ್ಟು. ಪಿನ್ನು ರಂಧ್ರಕ್ಕೆ ಸರಿಯಾಗಿ ಹೊಂದಿಕೊಂಡಿದ್ದರೆ ಇದು ಒಪ್ಪತಕ್ಕ ನಿರೂಪಣೆ. ಸಡಿಲವಾಗಿದ್ದರೆ ಸ್ಪರ್ಶದ ಪಟ್ಟಿ ಕಿರಿದಾಗಿ ಗರಿಷ್ಠ ಒತ್ತಡ ಏರುತ್ತದೆ. ಬಿಗಿದ ಬೋಲ್ಟಿನ ರಂಧ್ರಕ್ಕೆ ಇದನ್ನು ಬಳಸುವುದು ಮಾತ್ರ ಅನುಚಿತ, ಏತಕ್ಕೆಂದರೆ ಅಲ್ಲಿ ಅಡ್ಡಬಲವು ಗೋಡೆಯನ್ನು ಸೇರುವ ಮೊದಲೇ ಫಲಕಗಳ ನಡುವಣ ಘರ್ಷಣೆಯಿಂದ ದಾಟಿಹೋಗಿರುತ್ತದೆ.

ಈಗ ಹೊರಗಿನ ಹೊರೆಯು ಸಂಧಿಯನ್ನು ಎಲ್ಲಿ ಪ್ರವೇಶಿಸುತ್ತದೆ ಎಂಬ ವಿಷಯಕ್ಕೆ ಬರೋಣ. ಇದನ್ನು ಕುರಿತು ಸ್ವಲ್ಪ ನಿಧಾನವಾಗಿ ಆಲೋಚಿಸಬೇಕು. ಬಹುಮಂದಿ ಇದನ್ನು ಗಮನಿಸುವುದೇ ಇಲ್ಲ. ಮೇಲೆ ಹೇಳಿದ ಐದರಲ್ಲೊಂದರ ಹಂಚಿಕೆಯು, ಹೊರೆಯು ಬೋಲ್ಟಿನ ತಲೆಯ ಕೆಳಗೆ ಮತ್ತು ನಟ್ಟಿನ ಕೆಳಗೆ ನೇರವಾಗಿ ಬಂದಾಗಿನ ಮಾತು. ಅದೇ ಹೊರೆಯು ಎರಡು ಫಲಕಗಳು ಕೂಡುವ ತಲದ ಸಮೀಪದಲ್ಲಿ ಬಂದು ಸೇರುವುದಾದರೆ, ಹೊರೆಯಿಂದ ಸಡಿಲಗೊಳ್ಳುವ ಭಾಗ ಕಿರಿದಾಗಿ, ಬೋಲ್ಟಿಗೆ ತಗಲುವ ಪಾಲು ಇನ್ನೂ ಕಡಮೆಯಾಗುತ್ತದೆ. ತೀರ ಆ ತಲದಲ್ಲಿಯೇ ಬಂದರೆ, ಸಂಧಿ ತೆರೆದುಕೊಳ್ಳುವವರೆಗೂ ಬೋಲ್ಟಿಗೆ ಹೆಚ್ಚಿನದೇನೂ ತಗಲುವುದಿಲ್ಲ. ಕೈಲೆಕ್ಕದಲ್ಲಿ ಇದಕ್ಕಾಗಿ ಒಂದು ಗುಣಾಂಕವನ್ನು ಊಹಿಸಬೇಕಾಗುತ್ತದೆ. ಫೈನೈಟ್ ಎಲಿಮೆಂಟಿನ ಹಿರಿಮೆಯೇನೆಂದರೆ, ಹೊರೆಯನ್ನು ಅದು ನಿಜವಾಗಿ ಬೀಳುವ ಸ್ಥಳದಲ್ಲಿಯೇ ಇಟ್ಟರೆ, ಗುಣಾಂಕದ ಹಂಗಿಲ್ಲದೆ ಹಂಚಿಕೆ ತಾನಾಗಿಯೇ ಸರಿಯಾಗಿ ಒದಗುತ್ತದೆ. ಸಿಲಿಂಡರಿನ ಮುಚ್ಚಳದ ಮೇಲಣ ಅನಿಲದ ಒತ್ತಡವನ್ನು ಮುಚ್ಚಳದ ಒಳಮೈಗೆ ಹಚ್ಚಬೇಕು. ತೋಳಿನ ತುದಿಯಲ್ಲಿ ತೂಗುವ ಮೋಟಾರಿನ ತೂಕವನ್ನು ಆ ತುದಿಯಲ್ಲಿಯೇ, ಅದರ ಗುರುತ್ವಕೇಂದ್ರದಲ್ಲಿಯೇ ಇಡಬೇಕು. ಆ ಒಟ್ಟು ಬಲವನ್ನು ಬೋಲ್ಟುಗಳ ಸಂಖ್ಯೆಯಿಂದ ಭಾಗಿಸಿ ಒಂದೊಂದು ಬೋಲ್ಟಿನ ತಲೆಯ ಮೇಲೂ ಸಮನಾಗಿ ಇಡುವವನು, ವಿಶ್ಲೇಷಣೆಯು ಕೊಡಬೇಕಾಗಿದ್ದ ಉತ್ತರವನ್ನು ತಾನೇ ಮೊದಲು ಬರೆದಿಟ್ಟಂತಾಯಿತು. ಸಮನಾದ ಹಂಚಿಕೆಯು ನಿಸರ್ಗದಲ್ಲಿ ವಿರಳ. ತೆಳುವಾದ ಫ್ಲೇಂಜು ಬಾಗಿದಾಗ ಅದರ ಹೊರ ಅಂಚು ಎದುರು ಫಲಕವನ್ನು ಸನ್ನೆಗೋಲಿನಂತೆ ಒತ್ತುವುದರಿಂದ ಬೋಲ್ಟಿಗೆ ಹೊರೆಗಿಂತಲೂ ಅಧಿಕವಾದ ಬಲ ಬರಬಹುದು. ಹೊರೆಯು ಪಕ್ಕಕ್ಕೆ ಸರಿದಿದ್ದರೆ ಬೋಲ್ಟು ಹಿಗ್ಗುವುದರೊಡನೆ ಬಾಗಲೂ ಬಾಗುತ್ತದೆ. ಇವೆಲ್ಲವನ್ನೂ ಮಾದರಿಯು ತೋರಿಸಬಲ್ಲುದು, ತೋರಿಸಲು ನಾವು ಬಿಟ್ಟರೆ.

ಭಾರವು ಹರಿಯುವ ದಾರಿಯನ್ನು ಮರೆತುದರ ಫಲವೇನೆಂಬುದನ್ನು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ದುರಂತದಿಂದ ಲೋಕವು ತಿಳಿಯಬೇಕಾಯಿತು. ಅಲ್ಲಿ ನಾಲ್ಕನೆಯ ಅಂತಸ್ತಿನ ಮತ್ತು ಎರಡನೆಯ ಅಂತಸ್ತಿನ ಕಾಲುಸೇತುವೆಗಳು ಒಂದರ ಕೆಳಗೊಂದು ಛಾವಣಿಯಿಂದ ಉಕ್ಕಿನ ಸರಳುಗಳಲ್ಲಿ ತೂಗುತ್ತಿದ್ದವು. ಮೊದಲ ವಿನ್ಯಾಸದಂತೆ ಒಂದೇ ಸರಳು ಎರಡು ಸೇತುವೆಗಳನ್ನೂ ಹಾದುಹೋಗಬೇಕಾಗಿದ್ದಿತು. ಆಗ ಮೇಲಿನ ಸೇತುವೆಯ ತೊಲೆಯ ಕೆಳಗಿನ ನಟ್ಟಿಗೆ ಆ ಸೇತುವೆಯ ಭಾರ ಮಾತ್ರ ಬರುತ್ತಿತ್ತು. ಕಟ್ಟುವ ಸೌಕರ್ಯಕ್ಕಾಗಿ ಸರಳನ್ನು ಎರಡಾಗಿ ಮಾಡಿ, ಕೆಳಗಿನ ಸೇತುವೆಯನ್ನು ಮೇಲಿನ ಸೇತುವೆಯ ತೊಲೆಗೇ ನೇತುಹಾಕಿದಾಗ, ಸರಳುಗಳ ಒಟ್ಟು ಭಾರದಲ್ಲಿ ವ್ಯತ್ಯಾಸವಾಗದಿದ್ದರೂ ಆ ನಟ್ಟಿನ ಮೇಲಣ ಭಾರವು ಇಮ್ಮಡಿಯಾಯಿತು. 1981ರ ಜುಲೈ 17ರ ಸಂಜೆ, ಕೆಳಗೆ ನೃತ್ಯಕೂಟವು ನಡೆಯುತ್ತಿದ್ದಾಗ, ನಟ್ಟು ತೊಲೆಯ ತೆಳುವಾದ ಉಕ್ಕನ್ನು ಸೀಳಿಕೊಂಡು ಹೊರಬಂದು, ಸೇತುವೆಗಳು ಕುಸಿದು, 114 ಮಂದಿ ಪ್ರಾಣ ಕಳೆದುಕೊಂಡರು. ತೊಲೆಯೂ ಸರಳೂ ತಮ್ಮಷ್ಟಕ್ಕೆ ತಾಳುವಂತಿದ್ದುವು. ಅವೆರಡು ಕೂಡುವ ಅಂಗೈಯಗಲದ ಸ್ಥಳವನ್ನು ಯಾರೂ ತಕ್ಕಷ್ಟು ಲೆಕ್ಕಹಾಕಿರಲಿಲ್ಲ. ಇದು ಗಣಕದ ತಪ್ಪಲ್ಲ. ಆದರೆ ಇಂದು ಗಣಕದಲ್ಲಿ ಒಂದು ಸಂಧಿಯನ್ನು ಎರಡು ನೋಡುಗಳ ನಡುವಣ ಒಂದು ಗೆರೆಯಾಗಿ ಎಳೆದು ಮುಂದೆ ಸಾಗುವಾಗಲೆಲ್ಲ ಇದೇ ಬಗೆಯ ಮರೆವಿಗೆ ಬಾಗಿಲು ತೆರೆದಿರುತ್ತದೆ.

ಇನ್ನು ಬಿಗಿತವನ್ನು ಮಾದರಿಯೊಳಗೆ ತರುವ ಬಗೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರೆರೆದು ಬಿಗಿಮಾಡುವ ಕಮ್ಮಾರನ ಉಪಾಯವನ್ನೇ ಹೋಲುವಂತೆ, ಮೊದಲಿನ ವಿಶ್ಲೇಷಕರು ಬೋಲ್ಟನ್ನು ಮಾತ್ರ ಕಲ್ಪಿತವಾಗಿ ತಣ್ಣಗೆ ಮಾಡಿ ಅದು ಕುಗ್ಗುವಂತೆ ಮಾಡುತ್ತಿದ್ದರು. ನಮ್ಮ ಹನ್ನೆರಡು ಮಿಲಿಮೀಟರಿನ ಬೋಲ್ಟಿಗೆ ಬೇಕಾದ ಕರ್ಷಣವನ್ನು, ಫಲಕಗಳು ಒಂದಿಷ್ಟೂ ಕುಗ್ಗವೆಂದು ತಿಳಿದು ಲೆಕ್ಕಹಾಕಿದರೆ, ಸುಮಾರು 180 ಡಿಗ್ರಿ ತಣಿಸಬೇಕು. ಆದರೆ ಫಲಕಗಳು ಕುಗ್ಗುವುವಾದ್ದರಿಂದ ಅಷ್ಟೇ ತಣಿಸಿದರೆ ಕರ್ಷಣವು ಐದನೆಯ ಒಂದು ಪಾಲು ಕಡಮೆಯಾಗಿ ಸುಮಾರು 225 ಡಿಗ್ರಿಗಳಿಗೆ ಹೋಗಬೇಕಾಗುತ್ತದೆ. ಪ್ರತಿ ಸಂಧಿಗೂ ಈ ಅಂಕಿಯನ್ನು ಪ್ರಯೋಗದಿಂದ ಸರಿಪಡಿಸಿಕೊಳ್ಳಬೇಕೆಂಬುದೇ ಈ ಉಪಾಯದ ಕೊರತೆ. ಬಿಗಿತವನ್ನು ತಲೆಯ ಮೇಲೂ ನಟ್ಟಿನ ಮೇಲೂ ಎದುರುಬದುರಾದ ಎರಡು ಬಲಗಳಾಗಿ ಇಟ್ಟು ಬೋಲ್ಟನ್ನೇ ಬಿಟ್ಟುಬಿಡುವ ಇನ್ನೊಂದು ಪದ್ಧತಿಯಿದೆ. ಫಲಕದ ಸಂಪೀಡನವನ್ನು ನೋಡಲು ಅದು ಸಾಕು, ಆದರೆ ಬೋಲ್ಟಿನಲ್ಲಿ ಬಲವು ಹೇಗೆ ಬದಲಾಗುತ್ತದೆಂಬುದನ್ನು ಅದು ಎಂದಿಗೂ ಹೇಳಲಾರದು.

ಈಗ ಅನ್ಸಿಸ್, ಅಬಾಕಸ್ ಮೊದಲಾದ ತಂತ್ರಾಂಶಗಳಲ್ಲಿ ಬೋಲ್ಟಿನ ಕಾಂಡವನ್ನು ಒಂದೆಡೆ ಅಡ್ಡಲಾಗಿ ಕತ್ತರಿಸಿ, ಆ ಎರಡು ಮುಖಗಳನ್ನು ಬೇಕಾದ ಬಲ ಬರುವವರೆಗೆ ಒಂದರೊಳಗೊಂದು ಸೆಳೆದುಕೊಳ್ಳುವ ವ್ಯವಸ್ಥೆಯಿದೆ. ನಿಜವಾದ ನಟ್ಟು ತಿರುಗಿ ಬೋಲ್ಟಿನ ಉದ್ದವನ್ನು ಕಡಮೆ ಮಾಡುವುದಕ್ಕೆ ಇದು ಅತ್ಯಂತ ಸಮೀಪವಾದುದು. ಆದರೆ ಇಲ್ಲಿ ಕ್ರಮಕ್ಕೆ ಪ್ರಾಧಾನ್ಯವಿದೆ. ಮೊದಲ ಹಂತದಲ್ಲಿ ಸ್ಪರ್ಶಗಳು ನೆಲೆಗೊಳ್ಳುವಷ್ಟು ಅಲ್ಪ ಬಿಗಿತ, ಬಳಿಕ ಪೂರ್ಣ ಬಿಗಿತ, ಅದಾದಮೇಲೆ ಬೋಲ್ಟಿನ ಆ ಉದ್ದವನ್ನು ಹಾಗೆಯೇ ಸ್ಥಿರಪಡಿಸಿ ಬೀಗಹಾಕುವುದು, ಆ ತರುವಾಯವೇ ಹೊರಗಿನ ಹೊರೆ. ಬೀಗಹಾಕುವ ಹಂತವನ್ನು ಮರೆತು, ಬಿಗಿತವನ್ನು ಬಲವಾಗಿಯೇ ಉಳಿಸಿಕೊಂಡವರಿಗೆ ಹೊರೆ ಎಷ್ಟೇ ಏರಿದರೂ ಬೋಲ್ಟಿನಲ್ಲಿ 37,000ವೇ ಕಾಣುತ್ತಿರುತ್ತದೆ. ಬಂದು ಸೇರಬೇಕಾಗಿದ್ದ 4,000 ಎಲ್ಲಿಯೂ ಕಾಣದು, ದಣಿವಿನ ಲೆಕ್ಕಕ್ಕೆ ಬೇಕಾಗಿದ್ದುದು ಅದೇ ಆಗಿದ್ದರೂ ಸಹ. ಅಂತೆಯೇ, ಒಂದು ಹೊರೆಗೆ ಬಂದ ಫಲವನ್ನು ಎರಡರಿಂದ ಗುಣಿಸಿ ಇಮ್ಮಡಿ ಹೊರೆಯ ಫಲವೆಂದು ತಿಳಿಯುವ ರೇಖೀಯ ಅಭ್ಯಾಸವೂ ಇಲ್ಲಿ ನಡೆಯದು. ನಮ್ಮ ಸಂಧಿಯು ಸುಮಾರು 46,000 ನ್ಯೂಟನ್ನುಗಳ ಹೊರೆಗೆ ಬಾಯಿ ತೆರೆಯುತ್ತದೆ. ಅಲ್ಲಿಂದ ಮುಂದೆ ಬರುವ ಒಂದೊಂದು ನ್ಯೂಟನ್ನೂ ಪೂರ್ತಿಯಾಗಿ ಬೋಲ್ಟಿಗೇ ಸಲ್ಲುತ್ತದೆ.

ಎಷ್ಟು ವಿವರವಾಗಿ ಬೋಲ್ಟನ್ನು ಚಿತ್ರಿಸಬೇಕೆಂಬುದರಲ್ಲಿ ಅಭಿಪ್ರಾಯಭೇದಗಳಿವೆ. ವಿಡಿಐ ಮಾರ್ಗಸೂಚಿಯ ನಾಲ್ಕು ವರ್ಗಗಳಲ್ಲಿ ಮೊದಲನೆಯದರಲ್ಲಿ ಬೋಲ್ಟೇ ಇಲ್ಲ, ಭಾಗಗಳು ಕೂಡಿಕೊಂಡಿವೆ. ಎರಡನೆಯದರಲ್ಲಿ ಬೋಲ್ಟು ಒಂದು ಗೆರೆ. ಮೂರನೆಯದರಲ್ಲಿ ಥ್ರೆಡ್ಡಿಲ್ಲದ ಘನಕಾಯ. ನಾಲ್ಕನೆಯದರಲ್ಲಿ ಥ್ರೆಡ್ಡೂ ಸಹಿತವಾದ ಪೂರ್ಣರೂಪ. ಕಂಪನದ ಆವೃತ್ತಿಗಳನ್ನು ತಿಳಿಯುವಷ್ಟಕ್ಕೆ, ಬೋಲ್ಟಿನ ಸುತ್ತ ಒತ್ತಡವಿರುವ ಪ್ರದೇಶವನ್ನು ಮಾತ್ರ ಅಂಟಿಸಿದ ಸರಳ ಮಾದರಿಯೂ ಸಾಕು. ಇಡೀ ತಲವನ್ನು ಅಂಟಿಸಿದರೆ ಆವೃತ್ತಿ ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ. ನೂರಾರು ಬೋಲ್ಟುಗಳ ದೊಡ್ಡ ರಚನೆಯಲ್ಲಿ ಗೆರೆಯ ಬೋಲ್ಟೇ ವಿವೇಕದ ಆಯ್ಕೆ, ಅದರಿಂದ ದೊರೆತ ಬಲವನ್ನು ಕೈಲೆಕ್ಕದ ಸೂತ್ರಗಳಿಗೆ ಒಪ್ಪಿಸಬಹುದು. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಯಂತ್ರಭಾಗಗಳಿಗೆ ಮೂರನೆಯ ವರ್ಗವೇ ತಕ್ಕುದು. ಥ್ರೆಡ್ಡನ್ನು ಚಿತ್ರಿಸುವ ಶ್ರಮ ಬಹುತೇಕ ವ್ಯರ್ಥ. ನಟ್ಟಿನ ಮೊದಲ ಥ್ರೆಡ್ಡು ಒಟ್ಟು ಭಾರದ ಮೂರರಲ್ಲೊಂದರಷ್ಟನ್ನು ಹೊರುತ್ತದೆಂಬ ಸಂಗತಿಯನ್ನು ಗುಡಿಯರ್ 1940ರಲ್ಲಿಯೂ ಸಾಪ್‌ವಿತ್ 1948ರಲ್ಲಿಯೂ ನಡೆಸಿದ ಅಧ್ಯಯನಗಳ ಬಳಿಕ ಎಲ್ಲರೂ ಬಲ್ಲರು, ಬೋಲ್ಟಿನ ದಣಿವಿನ ಮಿತಿಗಳಲ್ಲಿ ಅದು ಆಗಲೇ ಸೇರಿಕೊಂಡಿದೆ. ತೆರೆಯ ಮೇಲೆ ಥ್ರೆಡ್ಡಿನ ಬುಡದಲ್ಲಿ ಕಾಣುವ ಕೆಂಪು ಬಣ್ಣದ ಪೀಡನವನ್ನು ಆ ಮಿತಿಯೊಡನೆ ಹೋಲಿಸುವುದು ಒಂದೇ ಸಂಗತಿಯನ್ನು ಎರಡು ಸಲ ಎಣಿಸಿದಂತೆ.

ಇಷ್ಟೆಲ್ಲ ಸೂಕ್ಷ್ಮವಾಗಿ ಮಾದರಿಯನ್ನು ಕಟ್ಟಿದರೂ, ಅದಕ್ಕೆ ಕೊಡುವ ಬಿಗಿತದ ಅಂಕಿಯೇ ಅನಿಶ್ಚಿತವಾದುದೆಂಬುದನ್ನು ಮರೆಯಲಾಗದು. ನಮ್ಮ ಬೋಲ್ಟನ್ನು ಬಿಗಿಯಲು ಸುಮಾರು 88 ನ್ಯೂಟನ್-ಮೀಟರು ತಿರುಚುಬಲ ಬೇಕೆಂದು ಪ್ರಚಲಿತ ಸೂತ್ರ ಹೇಳುತ್ತದೆ. ಆದರೆ ಸ್ಪ್ಯಾನರಿಗೆ ಕೊಟ್ಟ ಶ್ರಮದಲ್ಲಿ ಸುಮಾರು ಅರ್ಧವು ತಲೆಯ ಅಡಿಯ ಘರ್ಷಣೆಗೂ, ಶೇಕಡ 40ರಷ್ಟು ಥ್ರೆಡ್ಡುಗಳ ಘರ್ಷಣೆಗೂ ಹೋಗಿ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತನೆಯ ಒಂದು ಪಾಲು ಮಾತ್ರ. ಒಂದು ಹನಿ ಎಣ್ಣೆ ಹೆಚ್ಚಾದರೂ ಕಡಮೆಯಾದರೂ ಬಿಗಿತವು ಬದಲಾಗುತ್ತದೆ. ಟಾರ್ಕ್ ವ್ರೆಂಚಿನಿಂದ ಬಿಗಿದಾಗ ಶೇಕಡ 25ರಿಂದ 30ರ ವರೆಗಿನ ಏರುಪೇರು ಸಾಮಾನ್ಯ. ಇದರ ಮೇಲೆ, ಸ್ಪರ್ಶತಲಗಳ ಒರಟುಮೈ ಕೆಲವು ಮೈಕ್ರಾನುಗಳಷ್ಟು ಕುಸಿದು ಬಿಗಿತವನ್ನು ತಿನ್ನುತ್ತದೆ. 40 ಮಿಲಿಮೀಟರಿನ ಹಿಡಿತದಲ್ಲಿ 8 ಮೈಕ್ರಾನುಗಳ ಕುಸಿತದಿಂದ ಶೇಕಡ 8ಕ್ಕಿಂತ ಕಡಮೆ ನಷ್ಟವಾದರೆ, 10 ಮಿಲಿಮೀಟರಿನ ಗಿಡ್ಡ ಹಿಡಿತದಲ್ಲಿ ಅದೇ ಕುಸಿತವು ಬಿಗಿತದ ಸುಮಾರು ಶೇಕಡ 30ರಷ್ಟನ್ನು ಕಬಳಿಸುತ್ತದೆ. ಅಲ್ಯುಮಿನಿಯಂ ಕವಚಕ್ಕೆ ಉಕ್ಕಿನ ಬೋಲ್ಟನ್ನು ಹಾಕಿ 100 ಡಿಗ್ರಿ ಕಾಯಿಸಿದಾಗ ಎರಡು ಲೋಹಗಳ ಹಿಗ್ಗುವಿಕೆಯ ಅಂತರವೇ ಬೋಲ್ಟಿನ ಮೊದಲಿನ ಹಿಗ್ಗುವಿಕೆಯ ಅರ್ಧದಷ್ಟಾಗುವುದರಿಂದ, ಅಲ್ಲಿ ಉಷ್ಣವನ್ನೂ ಒಂದು ಭಾರವೆಂದೇ ಎಣಿಸಬೇಕು. ಆದಕಾರಣ ಒಂದೇ ಬಿಗಿತಕ್ಕೆ ಮಾಡಿದ ವಿಶ್ಲೇಷಣೆ ಅಪೂರ್ಣ. ಸಂಧಿ ತೆರೆಯುವುದೇ, ಜಾರುವುದೇ ಎಂಬುದನ್ನು ಕನಿಷ್ಠ ಬಿಗಿತದಿಂದಲೂ, ಬೋಲ್ಟು ಎಳೆದುಹೋಗುವುದೇ, ತಲೆಯ ಅಡಿಯ ಫಲಕವು ನಜ್ಜಾಗುವುದೇ ಎಂಬುದನ್ನು ಗರಿಷ್ಠ ಬಿಗಿತದಿಂದಲೂ ಪರೀಕ್ಷಿಸಬೇಕು. ಎರಡು ಸಲ ಲೆಕ್ಕಮಾಡುವ ಈ ಶ್ರಮವನ್ನು, ಜಾಲವನ್ನು ಇನ್ನಷ್ಟು ಸೂಕ್ಷ್ಮಗೊಳಿಸುವ ಶ್ರಮಕ್ಕಿಂತ ಮಿಗಿಲೆಂದು ನಾನು ಭಾವಿಸುತ್ತೇನೆ.

ಜಾರುವಿಕೆಯನ್ನು ಕುರಿತು ಒಂದೆರಡು ಮಾತು ಹೇಳಲೇಬೇಕು. ಅಡ್ಡಬಲವನ್ನು ಘರ್ಷಣೆಯಿಂದಲೇ ಹೊರುವ ಸಂಧಿಗಳಿಗೆ ನಮ್ಮ ದೇಶದ ಐಎಸ್ 800ರ 2007ರ ಆವೃತ್ತಿಯು ಬೋಲ್ಟಿನ ಅಂತಿಮ ಕರ್ಷಣಪೀಡನದ ಶೇಕಡ 70ರಷ್ಟನ್ನು ಬಿಗಿತವಾಗಿ ಇಟ್ಟುಕೊಳ್ಳುತ್ತದೆ. ಅದನ್ನು ಘರ್ಷಣೆಯ ಗುಣಾಂಕದಿಂದಲೂ ಸ್ಪರ್ಶತಲಗಳ ಸಂಖ್ಯೆಯಿಂದಲೂ ಗುಣಿಸಿದರೆ ಸಂಧಿಯ ಸಾಮರ್ಥ್ಯ ದೊರೆಯುತ್ತದೆ. ಸಂಧಿಯು ಒಮ್ಮೆ ಜಾರತೊಡಗಿ ಅತ್ತಿತ್ತ ಅಲುಗಾಡಿದರೆ, ಬೋಲ್ಟು ತಾನಾಗಿಯೇ ಹಿಂದಕ್ಕೆ ತಿರುಗಿ ಸಡಿಲಗೊಳ್ಳುತ್ತದೆಂದು ಯುಂಕರ್ ಎಂಬ ಜರ್ಮನ್ ಇಂಜಿನಿಯರು 1969ರಲ್ಲಿ ತನ್ನ ಪ್ರಯೋಗಗಳಿಂದ ಸಿದ್ಧಪಡಿಸಿದನು. ಹೀಗಿರಲು, ಮಾದರಿಯಲ್ಲಿ ಪೀಡನದ ಚಿತ್ರವನ್ನು ನೋಡುವುದಕ್ಕೆ ಮೊದಲು ಸ್ಪರ್ಶತಲದ ಯಾವ ಭಾಗ ಅಂಟಿನಿಂತಿದೆ, ಯಾವ ಭಾಗ ಜಾರಿದೆ ಎಂಬ ಚಿತ್ರವನ್ನು ನೋಡುವುದು ಒಳ್ಳೆಯ ಅಭ್ಯಾಸ. ಬೋಲ್ಟು ಮುರಿದು ಬಿದ್ದಾಗ ಅದು ದುರ್ಬಲವಾಗಿತ್ತೆಂದು ಇನ್ನೂ ದಪ್ಪನಾದುದನ್ನು ಹಾಕುವವರು, ಅದು ಮೊದಲು ಜಾರಿತು, ಆಮೇಲೆ ಸಡಿಲವಾಯಿತು, ಕಡೆಗೆ ದಣಿದು ಮುರಿಯಿತು ಎಂಬ ಕ್ರಮವನ್ನು ಅರಿತರೆ, ಬಿಗಿತವನ್ನು ಹೆಚ್ಚಿಸುವುದರಿಂದಲೇ ಕಾರ್ಯ ಸಾಧಿಸಬಹುದೆಂಬುದನ್ನು ಕಾಣುವರು.

ಬೆಂಗಳೂರಿನ ವಿಮಾನ ಮತ್ತು ಮೋಟಾರು ವಾಹನಗಳ ವಿನ್ಯಾಸ ಕಚೇರಿಗಳಲ್ಲಿ ಇಂತಹ ವಿಶ್ಲೇಷಣೆಯು ಇಂದು ಸಾವಿರಾರು ತರುಣ ತರುಣಿಯರ ದಿನನಿತ್ಯದ ಕೆಲಸವಾಗಿದೆ; ಅವರು ಲೆಕ್ಕಹಾಕುವ ಸಂಧಿಗಳಲ್ಲಿ ಎಷ್ಟೋ ದೂರದೇಶಗಳ ಕಾರ್ಖಾನೆಗಳಲ್ಲಿ ಜೋಡಣೆಯಾಗುವಂಥವು. ಆ ಬೋಲ್ಟನ್ನು ಕಣ್ಣಿನಿಂದ ನೋಡದೆ, ಅದರ ಬಿಗಿತವನ್ನು ಕೈಯಿಂದ ಅರಿಯದೆ ಭಾರವನ್ನು ನಿರ್ಣಯಿಸಬೇಕಾದವರಿಗೆ ಮಾದರಿಯೊಳಗಿನ ಪರೀಕ್ಷೆಗಳೇ ಆಧಾರ. ಬಿಗಿತದ ಹಂತವು ಮುಗಿದೊಡನೆಯೇ ಫಲಕಗಳ ನಡುವಣ ಸ್ಪರ್ಶಬಲವನ್ನೆಲ್ಲ ಕೂಡಿಸಿ, ಅದು ಕೊಟ್ಟ ಬಿಗಿತಕ್ಕೆ ಸಮನಾಗಿದೆಯೇ ಎಂದು ನೋಡಬೇಕು. ಸಮನಾಗಿರದಿದ್ದರೆ ಫಲಕಗಳು ಎಲ್ಲಿಯೋ ಒಂದರೊಳಗೊಂದು ತೂರಿಕೊಂಡಿವೆ, ಇಲ್ಲವೆ ಬಲವು ಬೇರೊಂದು ಬಂಧನದಿಂದ ಸೋರಿಹೋಗಿದೆ. ಹೊರಗಿನ ಹೊರೆಯನ್ನಿಟ್ಟ ಬಳಿಕ ಆಧಾರಗಳ ಪ್ರತಿಕ್ರಿಯೆಯು ಆ ಹೊರೆಗೆ ಮಾತ್ರ ಸಮನಾಗಿರಬೇಕು, ಏತಕ್ಕೆಂದರೆ ಬಿಗಿತವು ಸಂಧಿಯೊಳಗೆ ತನ್ನನ್ನು ತಾನೇ ತೂಗಿಸಿಕೊಳ್ಳುವ ಬಲವಾದುದರಿಂದ ಆಧಾರದಲ್ಲಿ ಅದರ ಸುಳಿವು ಕಾಣಬಾರದು. ಬೋಲ್ಟಿನ ಬಲವು ಹೊರೆಯೊಡನೆ ಎಷ್ಟು ಏರಿತೆಂಬುದನ್ನು ಕೈಲೆಕ್ಕದ ಹಂಚಿಕೆಯೊಡನೆ ಹೋಲಿಸಿ, ಭಿನ್ನವಾಗಿದ್ದರೆ ಕಾರಣವನ್ನು ಹುಡುಕಬೇಕು. ಕಾರಣವು ಫ್ಲೇಂಜಿನ ಬಾಗುವಿಕೆಯಾಗಿದ್ದರೆ ವಿಶ್ಲೇಷಣೆಯು ಕೈಲೆಕ್ಕಕ್ಕೆ ಕಾಣದುದನ್ನು ಕಂಡಿತೆನ್ನಬಹುದು, ತಪ್ಪಾದ ಬಂಧನವಾಗಿದ್ದರೆ ಮಾದರಿಯನ್ನು ತಿದ್ದಬೇಕು. ಅವಕಾಶವಿದ್ದಲ್ಲಿ, ಕಾಂಡದೊಳಗೆ ಸ್ಟ್ರೇನ್ ಗೇಜನ್ನು ಅಳವಡಿಸಿದ ಬೋಲ್ಟಿನಿಂದಲೋ, ಬೋಲ್ಟಿನ ಉದ್ದವನ್ನು ಅಳೆಯುವ ಶ್ರವಣಾತೀತ ಧ್ವನಿಯ ಉಪಕರಣದಿಂದಲೋ ನಿಜವಾದ ಬಿಗಿತವನ್ನು ಅಳೆದು, ಆ ಅಂಕಿಯನ್ನು ಮಾದರಿಗೆ ಮರಳಿ ಕೊಟ್ಟು, ಲೆಕ್ಕವನ್ನು ಇನ್ನೊಮ್ಮೆ ನಡೆಸಬೇಕು.